ಕಡಲ ಬುತ್ತಿ: ದೀರ್ಘ ನೌಕಾಯಾನದಲ್ಲಿ ಅನ್ನವಿಚಾರ

ಕಟ್ಟಿಕೊಟ್ಟ ಬುತ್ತಿಯೂ ಹೇಳಿಕೊಟ್ಟ ಮಾತೂ ಬಹುದಿನ ಬಾರವೆಂಬ ಗಾದೆಯು ಕನ್ನಡ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ನೆಲದ ದಾರಿಯಲ್ಲಿ ನಡೆಯುವವನಿಗೆ ಇದು ಕೇವಲ ಎಚ್ಚರಿಕೆಯ ಮಾತು. ಬುತ್ತಿ ತೀರಿದರೆ ಮುಂದಣ ಊರಿನಲ್ಲಿ ಛತ್ರವುಂಟು, ಬಾವಿಯುಂಟು, ಕರೆದು ಇಕ್ಕುವ ಮನೆಯೊಂದಾದರೂ ಉಂಟು. ಕಡಲಮೇಲೆ ಹೊರಟವನಿಗಾದರೋ ಇದು ಪ್ರಾಣದ ಪ್ರಶ್ನೆ. ಅವನ ಸುತ್ತಲೂ ನೀರಿದ್ದರೂ ಅದು ಕುಡಿಯುವುದಕ್ಕೆ ಬಾರದು. ಕಟ್ಟಿದ ಗಂಟಿನಲ್ಲಿ ಇಲ್ಲದ ವಸ್ತುವು ಮುಂದಣ ರೇವಿನವರೆಗೂ ಇಲ್ಲವೇ ಇಲ್ಲ. ಆದುದರಿಂದ ದೀರ್ಘ ನೌಕಾಯಾನದ ಇತಿಹಾಸವೆಂದರೆ ಗಾಳಿ, ಹಾಯಿ, ನಕ್ಷತ್ರಗಳ ಇತಿಹಾಸವಾಗಿರುವಷ್ಟೇ ಅಕ್ಕಿ, ನೀರು, ಸೌದೆಗಳ ಇತಿಹಾಸವೂ ಆಗಿದೆ.

ಕನ್ನಡಿಗರಿಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಕೇಳುವುದು ಸಹಜ. ಯಲಹಂಕ, ಹೆಬ್ಬಾಳಗಳಂಥ ಒಳನಾಡಿನ ಊರುಗಳಿಗೆ ಸಮುದ್ರವು ಸುಮಾರು ಮುನ್ನೂರು ಕಿಲೋಮೀಟರು ದೂರ. ನಾಡಿನ ಸಾಹಿತ್ಯವನ್ನು ಬಹುಮಟ್ಟಿಗೆ ಹೊಲ, ಕೆರೆ, ಕೋಟೆ, ಕಾಡುಗಳೇ ತುಂಬಿವೆ. ಆದರೂ ಭಟ್ಕಳ, ಹೊನ್ನಾವರ, ಬಾರಕೂರು, ಬಸರೂರು, ಮಂಗಳೂರುಗಳ ರೇವುಗಳು ಶತಮಾನಗಳವರೆಗೆ ಪರದೇಶದ ಹಡಗುಗಳಿಗೆ ಅನ್ನವನ್ನು ಒದಗಿಸಿದುವು. ಈ ಕಾಲದಲ್ಲಿ ದೂರಯಾನದ ಆಹಾರವನ್ನು ಕುರಿತ ಶಾಸ್ತ್ರೀಯ ಪರಿಶೋಧನೆಗೆ ಮೈಸೂರು ಒಂದು ಮುಖ್ಯ ಕೇಂದ್ರವಾಗಿದೆ. ಇವೆರಡರ ನಡುವಣ ದಾರಿಯನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೧. ಮೂರು ಶಬ್ದಗಳು

ಮೊದಲು ಭಾಷೆಯ ಸಾಕ್ಷ್ಯವನ್ನು ನೋಡಬಹುದು. ದಾರಿಗೆಂದು ಕಟ್ಟಿದ ಅನ್ನಕ್ಕೆ ಕನ್ನಡದಲ್ಲಿ ಬುತ್ತಿಯೆಂದು ಹೆಸರು. ಸಂಸ್ಕೃತದಲ್ಲಿ ಇದಕ್ಕೆ ಪಾಥೇಯ, ಶಂಬಲ ಎಂಬ ಶಬ್ದಗಳಿವೆ. ಇಂದು ವೇತನವೆಂಬ ಅರ್ಥದಲ್ಲಿ ಬಳಕೆಯಲ್ಲಿರುವ ‘ಸಂಬಳ’ವು ಈ ಶಂಬಲದಿಂದಲೇ ಬಂದುದು. ದಾರಿಗಾಗಿ ಕೊಟ್ಟ ಅನ್ನವು ಕಾಲಕ್ರಮದಲ್ಲಿ ದುಡಿಮೆಗಾಗಿ ಕೊಟ್ಟ ಹಣವಾಯಿತು. ಪ್ರಯಾಣಕ್ಕೆ ಕರೆದೊಯ್ಯುವವನು ಕರೆದೊಯ್ದವರಿಗೆ ಊಟಕ್ಕೆ ಹೊಣೆಯೆಂಬ ಹಳೆಯ ನ್ಯಾಯವು ಈ ಅರ್ಥಪರಿಣಾಮದಲ್ಲಿ ಅಡಗಿದೆ.

ಮೂರನೆಯ ಶಬ್ದವು ಇನ್ನೂ ಸ್ವಾರಸ್ಯವಾದುದು. ಪಡುಗಡಲಿನ ಹಾಯಿಹಡಗುಗಳಲ್ಲಿಯೂ ಯುರೋಪಿಯನರ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯ ಖಲಾಸಿಗಳ ತಂಡಗಳಲ್ಲಿಯೂ ಅಡಿಗೆಯವನನ್ನು ‘ಭಂಡಾರಿ’ ಎಂದು ಕರೆಯುತ್ತಿದ್ದರು. ಭಂಡಾರಿಯೆಂದರೆ ಬೊಕ್ಕಸವನ್ನು ಕಾಯುವವನು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೂಲಕ ಈ ಪದವಿಯ ಗೌರವವನ್ನು ಕನ್ನಡಿಗರೆಲ್ಲರೂ ಬಲ್ಲರು. ಹಡಗಿನಲ್ಲಿ ಬೀಗದ ಕೈಯೂ ಸೌಟೂ ಒಬ್ಬನ ವಶದಲ್ಲಿಯೇ ಇರಬೇಕಾಯಿತು. ರುಚಿಯಾಗಿ ಅಟ್ಟು ಬಡಿಸುವುದು ಅವನ ಎರಡನೆಯ ಗುಣ. ಉಳಿದಿರುವುದೆಷ್ಟು, ಉಳಿದಿರುವ ದಿನಗಳೆಷ್ಟು ಎಂಬುದನ್ನು ಬಲ್ಲವನಾಗಿರುವುದು ಮೊದಲನೆಯದು. ಕಡಲ ಅಡಿಗೆಯ ಸಾರವೆಲ್ಲವೂ ಈ ಒಂದು ಹೆಸರಿನಲ್ಲಿದೆ ಎನ್ನಬಹುದು.

೨. ಕರಾವಳಿಯ ಅಕ್ಕಿ

ಕ್ರಿ. ಶ. ೧೪ನೆಯ ಶತಮಾನದ ಮಧ್ಯಭಾಗದಲ್ಲಿ ಹೊನ್ನಾವರದಲ್ಲಿ ತಂಗಿದ್ದ ಅರಬ್ಬೀ ಯಾತ್ರಿಕ ಇಬನ್ ಬತೂತನು ಅಲ್ಲಿನ ಸುಲ್ತಾನನ ಊಟದ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅನ್ನದಮೇಲೆ ತುಪ್ಪ, ಜತೆಗೆ ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊನೆ, ಹಸಿಶುಂಠಿ, ನಿಂಬೆ, ಮಾವು, ಆಮೇಲೆ ಕೋಳಿ, ಮೀನು, ಕಾಯಿಪಲ್ಯ, ಕೊನೆಗೆ ಮೊಸರು. ಹಲವು ತಿಂಗಳು ರೊಟ್ಟಿಯ ಮುಖವನ್ನೇ ಕಾಣದೆ ಅನ್ನವನ್ನೇ ಉಂಡುದನ್ನು ಅವನು ಪ್ರಯಾಸದಿಂದ ನೆನೆಯುತ್ತಾನೆ. ಅವನಿಗೆ ಬೇಸರ ತಂದ ಆ ಅನ್ನ, ಉಪ್ಪಿನಕಾಯಿಗಳೇ ಮುಂದೆ ಹೇಳುವ ಕಾರಣಗಳಿಂದ ಸಮುದ್ರಯಾನಕ್ಕೆ ತಕ್ಕ ಆಹಾರಗಳಾಗಿದ್ದುವು.

ಸುಮಾರು ೧೫೧೬ರಲ್ಲಿ ತನ್ನ ಗ್ರಂಥವನ್ನು ಮುಗಿಸಿದ ಪೋರ್ಚುಗೀಸರ ದುವಾರ್ತೆ ಬಾರ್ಬೋಸನು, ಹೋರ್ಮುಜಿನಿಂದ ಕುದುರೆಗಳನ್ನು ತಂದ ಹಡಗುಗಳು ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ತುಂಬಿಕೊಂಡು ಹಿಂದಿರುಗುತ್ತಿದ್ದುವೆಂದು ಹೇಳುತ್ತಾನೆ. ಕರಾವಳಿಯ ಅಕ್ಕಿಯ ಜಾತಿಗಳಿಗೆ ಅವನು ಕೊಡುವ ಹೆಸರುಗಳಲ್ಲಿ ‘ಗಿರಸಾಲ್’, ‘ಪಚರಿಲ್’ ಎಂಬವು ಭಾಷಾಭ್ಯಾಸಿಗಳ ಗಮನಕ್ಕೆ ತಕ್ಕುವು. ಮೊದಲನೆಯದರಲ್ಲಿ ಜೀರಿಗೆಸಾಲೆಯನ್ನೂ ಎರಡನೆಯದರಲ್ಲಿ ಬೇಯಿಸದೆ ಕುಟ್ಟಿದ ಪಚ್ಚರಿಯನ್ನೂ ಗುರುತಿಸುವುದು ಕಷ್ಟವಲ್ಲ. ಕನ್ನಡದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ರಚಿಸಿದ್ದೂ ೧೬ನೆಯ ಶತಮಾನದ ಆರಂಭದಲ್ಲಿಯೇ. ಒಂದು ಗ್ರಂಥವು ಗೃಹದ ಪಾಕಗಳನ್ನು ಹೇಳಿದರೆ ಇನ್ನೊಂದು ಅದೇ ಕಾಲದ ಕರಾವಳಿಯ ಧಾನ್ಯವು ಕಡಲನ್ನು ದಾಟುವುದನ್ನು ಹೇಳುತ್ತದೆ. ಇವೆರಡನ್ನೂ ಒಟ್ಟಿಗೆ ಇಟ್ಟು ಓದುವುದು ಲಾಭಕರ.

ಈ ವ್ಯಾಪಾರಕ್ಕೆ ಋತುವಿನ ಅನುಕೂಲವೂ ಇತ್ತು. ಮಳೆಗಾಲದಲ್ಲಿ ಪಡುಗಡಲು ಹಾಯಿಹಡಗುಗಳಿಗೆ ಮುಚ್ಚಿರುತ್ತಿತ್ತು. ಶ್ರಾವಣದ ಹುಣ್ಣಿಮೆಯಲ್ಲಿ ಸಮುದ್ರಕ್ಕೆ ತೆಂಗಿನಕಾಯಿಯನ್ನು ಅರ್ಪಿಸಿದ ಮೇಲೆ ಸಂಚಾರವು ಮೊದಲಾಗುತ್ತಿತ್ತು. ಮುಂಗಾರಿನ ಬತ್ತವು ಕೊಯ್ಲಾಗಿ ಮನೆ ಸೇರುವ ಹೊತ್ತಿಗೆ ಈಶಾನ್ಯದ ಗಾಳಿಯು ನೆಲೆಗೊಂಡು ಅರಬಸ್ಥಾನದ ದಾರಿಯನ್ನು ತೆರೆಯುತ್ತಿತ್ತು. ಹೊಸ ಅಕ್ಕಿಯೂ ಹದವಾದ ಗಾಳಿಯೂ ಒಂದೇ ಕಾಲಕ್ಕೆ ದೊರೆಯುತ್ತಿದ್ದುವು.

೩. ದಿನಗಳ ಲೆಕ್ಕ

ಬುತ್ತಿಯನ್ನು ಕಟ್ಟುವವನಿಗೆ ಮೊದಲನೆಯ ತೊಡಕು ಎಷ್ಟು ದಿನಕ್ಕೆ ಕಟ್ಟಬೇಕೆಂಬುದು. ಹಾಯಿಯ ಹಡಗಿಗೆ ದೂರ ಗೊತ್ತು, ದಿನ ಗೊತ್ತಿಲ್ಲ. ವಿಜಯನಗರಕ್ಕೆ ರಾಯಭಾರಿಯಾಗಿ ಬಂದಿದ್ದ ಅಬ್ದುರ್ ರಜಾಕನು ೧೪೪೪ರಲ್ಲಿ ಹೊನ್ನಾವರದಿಂದ ಹೋರ್ಮುಜಿಗೆ ಹಿಂದಿರುಗಿದನು. ಇಪ್ಪತ್ತು ಮಂದಿಗೆ ನಲವತ್ತು ದಿನಗಳ ಪ್ರಯಾಣಕ್ಕೆ ಸಾಕಾಗುವಂತೆ ಅವನು ಹಡಗನ್ನು ಅಣಿಮಾಡಿಸಿದನು. ಪ್ರಯಾಣವು ಹಿಡಿದುದು ಅರವತ್ತೈದು ದಿನಗಳು.

ಈ ಎರಡು ಅಂಕಿಗಳ ಅರ್ಥವನ್ನು ಬಿಡಿಸಿ ನೋಡತಕ್ಕುದು. ಒಬ್ಬನಿಗೆ ದಿನಕ್ಕೆ ಅರ್ಧ ಕಿಲೋಗ್ರಾಮು ಅಕ್ಕಿಯೆಂದೂ, ಕುಡಿಯುವುದಕ್ಕೂ ಬೇಯಿಸುವುದಕ್ಕೂ ಸೇರಿ ಮೂರು ಲೀಟರು ನೀರೆಂದೂ ಇಟ್ಟುಕೊಂಡರೆ, ಇಪ್ಪತ್ತು ಮಂದಿಗೆ ನಲವತ್ತು ದಿನಕ್ಕೆ ೪೦೦ ಕಿಲೋಗ್ರಾಮು ಅಕ್ಕಿಯೂ ೨,೪೦೦ ಲೀಟರು ನೀರೂ ಬೇಕು. ಅರವತ್ತೈದು ದಿನಕ್ಕಾದರೆ ೬೫೦ ಕಿಲೋಗ್ರಾಮು ಅಕ್ಕಿ, ೩,೯೦೦ ಲೀಟರು ನೀರು. ಅಕ್ಕಿಯ ಕೊರತೆಯನ್ನು ಮೀನು ಹಿಡಿದು ತಕ್ಕಮಟ್ಟಿಗೆ ತುಂಬಬಹುದು. ೧,೫೦೦ ಲೀಟರು ನೀರಿನ ಕೊರತೆಯನ್ನು ಮಳೆಯ ಹೊರತು ತುಂಬುವವರಿಲ್ಲ. ತಡವಾಗುವುದೆಂದು ಮೊದಲ ದಿನವೇ ತಿಳಿದಿದ್ದರೆ ಆ ೨,೪೦೦ ಲೀಟರನ್ನೇ ತಲೆಗೆ ದಿನಕ್ಕೆ ಒಂದು ಲೀಟರು ಎಂಟುನೂರು ಮಿಲಿಲೀಟರಿನಂತೆ ಹಂಚಿ ಬದುಕಬಹುದು. ಮೂವತ್ತನೆಯ ದಿನ ತಿಳಿದರೆ ಉಳಿದಿರುವುದು ೬೦೦ ಲೀಟರು. ಮುಂದಿರುವುದು ಮೂವತ್ತೈದು ದಿನ. ತಲೆಗೆ ದಿನಕ್ಕೆ ಒಂದು ಲೀಟರೂ ಬಾರದು. ಬುತ್ತಿಯ ಲೆಕ್ಕದಲ್ಲಿ ಪ್ರಮಾಣಕ್ಕಿಂತ ಕಾಲವೇ ಬಲವತ್ತರವೆಂಬುದು ಇದರಿಂದ ಸ್ಪಷ್ಟ. ಈ ಕಾರಣದಿಂದಲೇ ಈಗಲೂ ದೀರ್ಘಯಾನಿಗಳು ಅಂದಾಜಿನ ದಿನಗಳಿಗೆ ಸುಮಾರು ಅರ್ಧದಷ್ಟನ್ನು ಕೂಡಿಸಿ ಸಾಮಾನನ್ನು ತುಂಬುವುದುಂಟು. ಮೊದಲ ದಿನದಿಂದಲೇ ಅಳೆದು ಕೊಡುವುದುಂಟು.

ರಜಾಕನ ಅನುಭವವು ಒಂಟಿಯಾದುದಲ್ಲ. ಅವನಿಗೆ ಸಾವಿರ ವರ್ಷಗಳ ಹಿಂದೆ, ಕ್ರಿ. ಶ. ೪೧೪ರಲ್ಲಿ, ಚೀನದ ಬೌದ್ಧ ಯಾತ್ರಿಕ ಫಾಹಿಯಾನನು ಸಿಂಹಳದಿಂದ ಬಂದು ಜಾವದ ಕಡೆಯಿಂದ ಸ್ವದೇಶಕ್ಕೆ ಹೊರಟ ಹಡಗು ಐವತ್ತು ದಿನಗಳಿಗೆ ಆಹಾರವನ್ನು ತುಂಬಿಕೊಂಡಿತ್ತು. ಎಪ್ಪತ್ತು ದಿನ ಕಳೆದರೂ ದಡ ಕಾಣದಾಗಲು ಸಮುದ್ರದ ಉಪ್ಪುನೀರಿನಲ್ಲಿ ಅಡಿಗೆ ಮಾಡಿ, ಸಿಹಿನೀರನ್ನು ತಲೆಗೆ ಇಷ್ಟೆಂದು ಅಳೆದು ಹಂಚಿದರು.

೪. ನೀರು ಮತ್ತು ಗಂಜಿ

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು ೩೫ ಗ್ರಾಮು ಲವಣವಿರುತ್ತದೆ. ಮನುಷ್ಯನ ಮೂತ್ರಪಿಂಡಗಳು ಅಷ್ಟು ಸಾಂದ್ರವಾದ ಲವಣವನ್ನು ಹೊರಹಾಕಲಾರವು. ಆದುದರಿಂದ ಅದನ್ನು ಕುಡಿದಷ್ಟೂ ದೇಹದ ನೀರೇ ವ್ಯಯವಾಗುತ್ತದೆ. ಆದರೆ ಮೂರು ಪಾಲು ಸಿಹಿನೀರಿಗೆ ಒಂದು ಪಾಲು ಕಡಲ ನೀರನ್ನು ಬೆರಸಿದರೆ ಲೀಟರಿಗೆ ಒಂಬತ್ತು ಗ್ರಾಮಿನಷ್ಟು ಉಪ್ಪಾಗಿ, ಸಾರು ಪಲ್ಯಗಳಿಗೆ ಬೇರೆ ಉಪ್ಪು ಬೇಡವಾಗುತ್ತದೆ. ಪಾತ್ರೆಗಳನ್ನು ಕಡಲ ನೀರಿನಲ್ಲಿ ತೊಳೆಯುವುದು, ಗಡ್ಡೆಗಳನ್ನು ಅದರಲ್ಲಿಯೇ ಬೇಯಿಸುವುದು ಮೊದಲಾದ ಉಪಾಯಗಳೆಲ್ಲವೂ ಸಿಹಿನೀರನ್ನು ಉಳಿಸುವುದಕ್ಕಾಗಿ ಹುಟ್ಟಿದುವು.

ಅನ್ನವನ್ನು ಬಸಿದು ತಿಳಿಯನ್ನು ಚೆಲ್ಲುವ ಪದ್ಧತಿಯು ಹಡಗಿನಲ್ಲಿ ಎರಡು ಬಗೆಯ ನಷ್ಟವನ್ನು ತರುತ್ತದೆ: ನೀರೂ ಹೋಗುತ್ತದೆ, ನೀರಿನಲ್ಲಿ ಕರಗಿದ ಸತ್ತ್ವವೂ ಹೋಗುತ್ತದೆ. ಕರಾವಳಿಯ ಗಂಜಿಯೂಟದಲ್ಲಿ ಇವೆರಡೂ ಉಳಿಯುತ್ತವೆ. ಗಂಜಿಯಲ್ಲಿ ಅಗುಳೂ ತಿಳಿಯೂ ಒಟ್ಟಿಗೆ ಬಾಯಿಗೆ ಬರುತ್ತವೆ. ಅಡಿಗೆಗೆ ಹಾಕಿದ ನೀರು ಕುಡಿಯುವ ನೀರಿನ ಲೆಕ್ಕಕ್ಕೇ ಸೇರುತ್ತದೆ. ಬಡವನ ಊಟವೆಂದು ಒಳನಾಡಿನವರು ಎಣಿಸುವ ಗಂಜಿಯು ನಾವಿಕನ ದೃಷ್ಟಿಯಿಂದ ಅತ್ಯಂತ ಮಿತವ್ಯಯದ ಪಾಕ.

೫. ತುಂಬಿದ ಹೊಟ್ಟೆಯ ರೋಗಗಳು

ಅಕ್ಕಿ, ನೀರುಗಳು ಸಾಕಷ್ಟಿದ್ದರೂ ನಾವಿಕರು ಸತ್ತ ನಿದರ್ಶನಗಳು ಅನೇಕ. ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ಸರಿಪಡಿಸಿ ನೀರು ತುಂಬಿಕೊಂಡು ವಾಸ್ಕೋ ಡ ಗಾಮನು ೧೪೯೮ನೆಯ ಅಕ್ಟೋಬರ್ ೫ರಂದು ಆಫ್ರಿಕದ ಕಡೆಗೆ ಹೊರಟನು. ಬರುವಾಗ ಮುಂಗಾರಿನ ಗಾಳಿಯ ಬಲದಿಂದ ಇಪ್ಪತ್ತಮೂರು ದಿನಗಳಲ್ಲಿ ದಾಟಿದ ಕಡಲನ್ನು, ಈಶಾನ್ಯದ ಗಾಳಿಯು ಇನ್ನೂ ನೆಲೆಗೊಳ್ಳದಿದ್ದುದರಿಂದ, ಮರಳಿ ದಾಟುವುದಕ್ಕೆ ಸುಮಾರು ಮೂರು ತಿಂಗಳು ಹಿಡಿಯಿತು. ವಸಡು ಬಾತು ಮೈ ಊದಿಕೊಳ್ಳುವ ಸ್ಕರ್ವಿ ರೋಗದಿಂದ ಆ ದಾರಿಯಲ್ಲಿ ಸುಮಾರು ಮೂವತ್ತು ಮಂದಿ ತೀರಿಕೊಂಡರು. ಅವರು ಬಿಟ್ಟುಬಂದ ಕರಾವಳಿಯ ಊಟದ ಎಲೆಯಮೇಲೆಯೇ ನಿಂಬೆಯಿತ್ತು.

ನಿಂಬೆ, ಕಿತ್ತಿಳೆಗಳು ಈ ರೋಗಕ್ಕೆ ಮದ್ದೆಂಬುದನ್ನು ಜೇಮ್ಸ್ ಲಿಂಡ್ ಎಂಬ ವೈದ್ಯನು ೧೭೪೭ರಲ್ಲಿ ಹನ್ನೆರಡು ಮಂದಿ ರೋಗಿಗಳ ಮೇಲೆ ಪರೀಕ್ಷಿಸಿ ತೋರಿಸಿದನು. ಬ್ರಿಟಿಷ್ ನೌಕಾಪಡೆಯು ನಿಂಬೆಯ ರಸವನ್ನು ಕಡ್ಡಾಯ ಮಾಡಿದುದು ೧೭೯೫ರಲ್ಲಿ. ಅದಕ್ಕೆ ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲದ ಹಿಂದೆಯೇ ಕಲ್ಲಿಕೋಟೆಯಲ್ಲಿ ಚೀನದ ದೊಡ್ಡ ಹಡಗುಗಳನ್ನು ಕಂಡಿದ್ದ ಇಬನ್ ಬತೂತನು, ನಾವಿಕರು ಮರದ ತೊಟ್ಟಿಗಳಲ್ಲಿ ಸೊಪ್ಪು, ಶುಂಠಿಗಳನ್ನು ಬೆಳೆಯುತ್ತಿದ್ದುದನ್ನು ಬರೆದಿದ್ದಾನೆ. ಮಣ್ಣಿಲ್ಲದೆಯೂ ಹಸುರನ್ನು ಪಡೆಯುವ ಇನ್ನೊಂದು ಮಾರ್ಗವು ಕನ್ನಡಿಗರ ಮನೆಗಳಲ್ಲಿ ನಿತ್ಯವೂ ಇದೆ. ಒಣ ಹೆಸರುಕಾಳಿನಲ್ಲಿ ಸಿ ಜೀವಸತ್ತ್ವವು ಇಲ್ಲವೆಂಬಷ್ಟು ಅಲ್ಪ. ಅದನ್ನೇ ನೆನೆಸಿ ಮೊಳೆಯಿಸಿದರೆ ಎರಡು ಮೂರು ದಿನಗಳಲ್ಲಿ ಅದು ಹೊಸದಾಗಿ ಉತ್ಪನ್ನವಾಗುತ್ತದೆ. ಹ್ಯಾರಿಯೆಟ್ ಚಿಕ್ ಮತ್ತು ಡೆಲ್ಫ್ ಎಂಬ ವಿದುಷಿಯರು ೧೯೧೯ರಲ್ಲಿ ಇದನ್ನು ಪ್ರಯೋಗದಿಂದ ಸ್ಥಾಪಿಸಿದರು. ಮೂಟೆಯಲ್ಲಿ ತಿಂಗಳುಗಟ್ಟಲೆ ಕೆಡದೆ ಇದ್ದು, ಬೇಕಾದಾಗ ಹಿಡಿ ನೀರಿನಿಂದ ತರಕಾರಿಯಾಗುವ ಧಾನ್ಯವು ಹಡಗಿಗೆ ಹೇಳಿಮಾಡಿಸಿದಂಥದು. ಬೆಟ್ಟದ ನೆಲ್ಲಿಯೂ ಒಣಗಿದ ಮೇಲೆ ತನ್ನ ಸತ್ತ್ವವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಉಪ್ಪಿನಲ್ಲಿ ಬಹುಕಾಲವಿಟ್ಟ ನಿಂಬೆಯಲ್ಲಿಯಾದರೋ ಸತ್ತ್ವವು ಕುಗ್ಗುತ್ತದೆ. ಅದು ರುಚಿಗೆ ಆಧಾರವೇ ಹೊರತು ಅದೊಂದನ್ನೇ ನಂಬತಕ್ಕುದಲ್ಲ.

ಎರಡನೆಯ ರೋಗ ಬೆರಿಬೆರಿ. ಜಪಾನಿನ ‘ರ್‍ಯೂಜೋ’ ಎಂಬ ತರಬೇತಿ ಹಡಗು ೧೮೮೨–೮೩ರಲ್ಲಿ ಕೈಕೊಂಡ ದೀರ್ಘಯಾನದಲ್ಲಿ ೧೬೯ ಮಂದಿಗೆ ಈ ರೋಗವು ತಗಲಿ ೨೫ ಮಂದಿ ಮೃತರಾದರು. ಅವರ ಮುಖ್ಯ ಆಹಾರ ನುಣುಪು ಮಾಡಿದ ಬಿಳಿಯ ಅಕ್ಕಿ. ನೌಕಾಪಡೆಯ ವೈದ್ಯ ತಕಾಕಿಯು ೧೮೮೪ರಲ್ಲಿ ‘ತ್ಸುಕುಬ’ ಎಂಬ ಹಡಗನ್ನು ಅದೇ ದಾರಿಯಲ್ಲಿ ಬೇರೆ ಆಹಾರವನ್ನು ಕೊಟ್ಟು ಕಳುಹಿಸಲು ಆ ರೋಗದಿಂದ ಒಬ್ಬನೂ ಸಾಯಲಿಲ್ಲ. ತೌಡಿನೊಂದಿಗೆ ಹೋಗಿಬಿಡುವ ಬಿ೧ ಜೀವಸತ್ತ್ವದ ಕೊರತೆಯೇ ಇದಕ್ಕೆ ಕಾರಣವೆಂದು ಮುಂದೆ ತಿಳಿಯಿತು.

ಇಲ್ಲಿ ದಕ್ಷಿಣ ಕನ್ನಡದ ಕುಸುಬಲಕ್ಕಿಯ ಮಹತ್ತ್ವವು ಕಾಣುತ್ತದೆ. ಬತ್ತವನ್ನು ನೆನೆಸಿ, ಸಿಪ್ಪೆಯೊಡನೆ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟುವುದರಿಂದ ಹೊರಪದರದ ಬಿ೧ ಸತ್ತ್ವವು ಕಾಳಿನ ಒಳಕ್ಕೆ ಇಳಿಯುತ್ತದೆ; ಪಿಷ್ಟವು ಬಿಗಿದು ಕಾಳು ಗಟ್ಟಿಯಾಗುತ್ತದೆ; ಹುಳುವಿಗೂ ನುಚ್ಚಾಗುವುದಕ್ಕೂ ಸುಲಭವಾಗಿ ಒಳಗಾಗುವುದಿಲ್ಲ. ಒಂದೇ ಕ್ರಿಯೆಯಿಂದ ಸಂಗ್ರಹವೂ ಆರೋಗ್ಯವೂ ಸಿದ್ಧಿಸುತ್ತವೆ. ಕಾರಣವನ್ನು ಅರಿಯದೆಯೇ ಕರಾವಳಿಯ ಒಕ್ಕಲುಮನೆಗಳು ಈ ಪರಿಹಾರವನ್ನು ಕಯ್ಗೂಡಿಸಿಕೊಂಡಿದ್ದುವು.

೬. ಅಲುಗಾಡುವ ಒಲೆ

ಸಾಮಾನು ಇದ್ದಮಾತ್ರಕ್ಕೆ ಊಟವಾಗದು. ಬೇಯಿಸುವುದಕ್ಕೆ ಬೆಂಕಿ ಬೇಕು. ಮರದ ಹಡಗಿಗೆ ಬೆಂಕಿಗಿಂತ ದೊಡ್ಡ ಶತ್ರುವಿಲ್ಲ. ಆದುದರಿಂದ ಪತ್ತೆಮಾರಿ ಮೊದಲಾದ ಹಾಯಿಹಡಗುಗಳಲ್ಲಿ ಮಣ್ಣು ಮರಳುಗಳನ್ನು ತುಂಬಿದ ಮರದ ಪೆಟ್ಟಿಗೆಯೇ ಒಲೆಯಾಗಿತ್ತು. ಗಾಳಿ ಎದ್ದಾಗ ಮೊದಲು ಆರಿಸುತ್ತಿದ್ದುದು ಅದನ್ನೇ. ಇಂದಿನ ಹಾಯಿದೋಣಿಗಳಲ್ಲಿ ಒಲೆಯನ್ನು ಎರಡು ಕೀಲುಗಳ ಮೇಲೆ ತೂಗುಬಿಡುತ್ತಾರೆ. ದೋಣಿಯು ಓಲಿದರೂ ಒಲೆಯು ತೊಟ್ಟಿಲಿನಂತೆ ತೂಗಿ ಮಟ್ಟವಾಗಿಯೇ ನಿಲ್ಲುತ್ತದೆ. ಮುಚ್ಚಳವನ್ನು ಬಿಗಿಯುವ ಕುಕ್ಕರು ಚೆಲ್ಲದೆ ಬೇಯಿಸಿ ಇಂಧನವನ್ನೂ ನೀರನ್ನೂ ಉಳಿಸುತ್ತದೆ.

ಇಷ್ಟಾದರೂ ಒಲೆ ಹೊತ್ತಿಸಲಾಗದ ದಿನಗಳು ಬರುತ್ತವೆ. ಆ ದಿನಗಳಿಗಾಗಿ ಬೆಂಕಿಯನ್ನು ಊರಿನಲ್ಲಿಯೇ ಮುಗಿಸಿಕೊಂಡು ಬಂದ ಆಹಾರವು ಬೇಕು. ಅವಲಕ್ಕಿ, ಅರಳು, ಹುರಿಗಡಲೆ, ಬೆಲ್ಲ, ಕೊಬ್ಬರಿಗಳು ಈ ವರ್ಗಕ್ಕೆ ಸೇರಿದುವು. ಒಳನಾಡಿನ ಕಾಣಿಕೆಯೆಂದರೆ ರಾಗಿಯ ಹುರಿಹಿಟ್ಟು. ರಾಗಿಯು ಹಗೇವಿನಲ್ಲಿ ವರ್ಷಗಟ್ಟಲೆ ಹುಳುಹಿಡಿಯದೆ ಉಳಿಯುವ ಧಾನ್ಯ. ನೂರು ಗ್ರಾಮಿನಲ್ಲಿ ೩೦೦ ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವುಳ್ಳದ್ದು. ಅದನ್ನು ಅರಳಿಸಿ ಬೀಸಿದ ಹಿಟ್ಟನ್ನು ಬೆಲ್ಲ, ನೀರುಗಳಲ್ಲಿ ಕಲಸಿದರೆ ಒಲೆಯ ಹಂಗಿಲ್ಲದ ಊಟವಾಗುತ್ತದೆ. ಯಲಹಂಕ ಸೀಮೆಯ ಒಣಹೊಲಗಳಲ್ಲಿ ಬೆಳೆದು, ಹೆಬ್ಬಾಳದ ವ್ಯವಸಾಯ ಕ್ಷೇತ್ರದಲ್ಲಿ ೨೦ನೆಯ ಶತಮಾನದ ಆದಿಭಾಗದಿಂದ ಪರಿಶೋಧನೆಗೆ ವಿಷಯವಾದ ಈ ಧಾನ್ಯವು ಕ್ಷಾಮಕ್ಕೆ ಒದಗುವ ಗುಣಗಳಿಂದಲೇ ಕಡಲಿಗೂ ಒದಗತಕ್ಕುದಾಗಿದೆ. ಕ್ಷಾಮವೂ ಸಮುದ್ರವೂ ಅಡಿಗೆಯವನಿಗೆ ಒಡ್ಡುವ ಪರೀಕ್ಷೆಯು ಒಂದೇ: ಇದ್ದುದರಲ್ಲಿ ಮುಂದಣ ಕೊಯ್ಲಿನವರೆಗೆ, ಅಥವಾ ಮುಂದಣ ದಡದವರೆಗೆ, ಬದುಕುವುದು.

೭. ಮೈಸೂರಿನ ಬುತ್ತಿ

ಕೆಡದ ಆಹಾರವನ್ನು ಶಾಸ್ತ್ರೀಯವಾಗಿ ಸಿದ್ಧಪಡಿಸುವ ಕಾರ್ಯದಲ್ಲಿ ಕನ್ನಡ ನಾಡಿನ ಸಂಸ್ಥೆಗಳ ಪಾಲು ದೊಡ್ಡದು. ಯಶವಂತಪುರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಮಂದಿರದಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿ. ಸುಬ್ರಹ್ಮಣ್ಯನ್ ಅವರು, ೧೯೫೦ರಲ್ಲಿ ಮೈಸೂರಿನ ಚೆಲುವಾಂಬಾ ಸೌಧದಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯಕ್ಕೆ ಮೊದಲನೆಯ ನಿರ್ದೇಶಕರಾದರು. ೧೯೬೧ರಲ್ಲಿ ಅದೇ ನಗರದಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸ್ಥಾಪಿತವಾಯಿತು. ಭೂಸೈನ್ಯ, ನೌಕಾಪಡೆ, ವಾಯುಪಡೆಗಳಿಗೆ ಬೇಕಾದ ಸಿದ್ಧಾಹಾರಗಳನ್ನು ರೂಪಿಸುವುದೇ ಅದರ ಕೆಲಸ. ಪಲಾವು, ಉಪ್ಪಿಟ್ಟು ಮೊದಲಾದುವನ್ನು ಪದರಪದರವಾದ ಚೀಲಗಳಲ್ಲಿ ಗಾಳಿ ಹೋಗದಂತೆ ಮುಚ್ಚಿ, ಚೀಲದೊಡನೆಯೇ ಸುಮಾರು ೧೨೧ ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಒತ್ತಡದ ಹಬೆಯಿಂದ ಕಾಯಿಸಿದರೆ, ವಿಷವನ್ನು ಹುಟ್ಟಿಸುವ ಸೂಕ್ಷ್ಮಜೀವಿಗಳ ಬೀಜಗಳೂ ನಾಶವಾಗಿ ಆಹಾರವು ಶೈತ್ಯವಿಲ್ಲದೆಯೇ ತಿಂಗಳುಗಟ್ಟಲೆ ಉಳಿಯುತ್ತದೆ.

ಒಣಗಿಸಿದ ಆಹಾರವು ಇನ್ನೂ ಹಗುರ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಒಣಗಿಸಿದಾಗ ತೆಗೆದ ನೀರನ್ನು ಉಣ್ಣುವಾಗ ಮತ್ತೆ ಕೊಡಬೇಕು. ಬೆಟ್ಟವನ್ನು ಏರುವವನಿಗೆ ದಾರಿಯಲ್ಲಿ ಹಿಮವೋ ತೊರೆಯೋ ದೊರೆಯುತ್ತದೆ. ನಾವಿಕನಿಗೆ ಅದು ತನ್ನ ತೊಟ್ಟಿಯಿಂದಲೇ ಬರಬೇಕು. ಉಪ್ಪುನೀರನ್ನು ಸೋಸಿ ಸಿಹಿಮಾಡುವ ಯಂತ್ರವಿಲ್ಲದ ದೋಣಿಯಲ್ಲಿ ಭಾರವು ಕಡಿಮೆಯಾದಂತೆ ತೋರುವುದು ಭ್ರಮೆ. ಅದು ಉಗ್ರಾಣದಿಂದ ನೀರಿನ ತೊಟ್ಟಿಗೆ ಸ್ಥಳ ಬದಲಾಯಿಸಿರುತ್ತದೆ ಅಷ್ಟೆ.

ಈ ಪ್ರಶ್ನೆಗಳು ಹಳೆಯ ಕಾಲದವೆಂದು ತಿಳಿಯಬಾರದು. ಭಾರತದ ನೌಕಾಪಡೆಯ ದಿಲೀಪ್ ದೋಂದೆಯವರು ‘ಮ್ಹಾದೇಯಿ’ ಎಂಬ ಹಾಯಿದೋಣಿಯಲ್ಲಿ ೨೦೦೯–೧೦ರಲ್ಲಿ ನಾಲ್ಕು ಕಡೆ ತಂಗಿ ಏಕಾಂಗಿಯಾಗಿ ಭೂಮಂಡಲವನ್ನು ಸುತ್ತಿದರು. ಅಭಿಲಾಷ್ ಟಾಮಿಯವರು ಅದೇ ದೋಣಿಯಲ್ಲಿ ೨೦೧೨ನೆಯ ನವೆಂಬರ್ ೧ರಂದು ಮುಂಬಯಿಯಿಂದ ಹೊರಟು ಎಲ್ಲಿಯೂ ತಂಗದೆ ೧೫೧ ದಿನಗಳಲ್ಲಿ ಹಿಂದಿರುಗಿದರು. ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ಯಲ್ಲಿ ೨೦೧೭–೧೮ರಲ್ಲಿಯೂ, ಇಬ್ಬರು ಮಹಿಳಾ ಅಧಿಕಾರಿಗಳು ೨೦೨೪–೨೫ರಲ್ಲಿಯೂ ಪೃಥ್ವೀಪರ್ಯಟನವನ್ನು ಮುಗಿಸಿದರು. ಹಿಂದಿನ ಲೆಕ್ಕವನ್ನೇ ಅನ್ವಯಿಸಿದರೆ ೧೫೧ ದಿನಗಳ ಏಕಾಂಗಿಗೆ ೪೫೩ ಲೀಟರು ನೀರೂ ಸುಮಾರು ೭೫ ಕಿಲೋಗ್ರಾಮು ಧಾನ್ಯವೂ ಆಗುತ್ತವೆ. ಅಲ್ಲಿ ನಾಯಕನೂ ಭಂಡಾರಿಯೂ ಉಣ್ಣುವವನೂ ಒಬ್ಬನೇ. ದಣಿದವನು ಅಡಿಗೆಯನ್ನು ಬಿಡುತ್ತಾನೆ, ಉಣ್ಣದವನು ತಪ್ಪೆಣಿಸುತ್ತಾನೆ, ತಪ್ಪೆಣಿಸಿದವನ ದೋಣಿ ದಾರಿ ತಪ್ಪುತ್ತದೆ. ಆದುದರಿಂದ ಹೊತ್ತಿಗೆ ಸರಿಯಾಗಿ ಬಿಸಿಯಾದ ಒಂದು ತುತ್ತು ಭೋಗವಲ್ಲ. ಅದು ಚುಕ್ಕಾಣಿಯಷ್ಟೇ ಅವಶ್ಯವಾದ ಸಾಧನ.

೮. ಉಪಸಂಹಾರ

ಕಾವ್ಯಗಳಲ್ಲಿ ವರ್ತಕನು ಹಡಗನ್ನೇರಿ ದ್ವೀಪಾಂತರಕ್ಕೆ ಹೋಗುವ ಪ್ರಸಂಗಗಳಲ್ಲಿ ರತ್ನರಾಶಿಯೂ ಬಿರುಗಾಳಿಯೂ ಹಲಗೆಯನ್ನು ಹಿಡಿದು ತೇಲುವುದೂ ವರ್ಣಿತವಾಗುತ್ತವೆ. ಒಲೆಯೂ ನೀರಿನ ಪೀಪಾಯಿಯೂ ಕಾಣುವುದು ಅಪೂರ್ವ. ಚಾವುಂಡರಾಯನ ‘ಲೋಕೋಪಕಾರ’, ಮಂಗರಸನ ‘ಸೂಪಶಾಸ್ತ್ರ’ಗಳಂಥ ಗ್ರಂಥಗಳು ಪಾಕವನ್ನು ಹೇಳಿದರೂ ಅವುಗಳ ಅಡಿಗೆಮನೆ ನೆಲದ ಮೇಲಿನದು. ಹೀಗಾಗಿ ಕಡಲ ಬುತ್ತಿಯ ವಿದ್ಯೆಯು ಗ್ರಂಥಸ್ಥವಾಗದೆ ನಾವಿಕರ ಬಾಯಲ್ಲಿ, ಕಯ್ಯಲ್ಲಿ ಉಳಿಯಿತು. ಯಂತ್ರದ ಹಡಗುಗಳು ಬಂದು ಪತ್ತೆಮಾರಿಗಳು ಮರೆಯಾದಂತೆ ಆ ಬಾಯಮಾತೂ ಮರೆಯಾಗುತ್ತ ಬಂದಿದೆ. ಗಂಗೊಳ್ಳಿ, ಮಲ್ಪೆ, ಹೊನ್ನಾವರ, ಭಟ್ಕಳಗಳ ಹಿರಿಯರಿಂದ ಒಲೆಯ ಭಾಗಗಳ, ಅಳತೆಗಳ, ಬುತ್ತಿಯ ಬಗೆಗಳ ಹೆಸರುಗಳನ್ನು ಸಂಗ್ರಹಿಸಿ ನಿಘಂಟಿಗೆ ಸೇರಿಸುವುದು ವಿದ್ವಾಂಸರಿಗೂ ಅಧ್ಯಾಪಕರಿಗೂ ಸೇರಿದ ಕರ್ತವ್ಯ. ಇದಕ್ಕೆ ದೊಡ್ಡ ಸಿದ್ಧತೆಯೇನೂ ಬೇಡ. ಕರಾವಳಿಯ ಒಂದೊಂದು ಪಾಠಶಾಲೆಯ ವಿದ್ಯಾರ್ಥಿಗಳು ತಂತಮ್ಮ ಮನೆಯ ಹಿರಿಯರನ್ನು ಕೇಳಿ ಹತ್ತು ಹತ್ತು ಶಬ್ದಗಳನ್ನು ಬರೆದು ತಂದರೂ ಕೆಲಸವು ಆರಂಭವಾಗುತ್ತದೆ.

ಗಾದೆಯು ಬುತ್ತಿಯನ್ನೂ ಮಾತನ್ನೂ ಒಂದೇ ಎಳೆಯಲ್ಲಿ ಕೋದಿರುವುದು 아ರ್ಥಪೂರ್ಣವಾಗಿದೆ. ಬುತ್ತಿಯು ಬಾಳುವಂತೆ ಮಾಡುವ ಉಪಾಯಗಳನ್ನು ಕರಾವಳಿಯ ಒಕ್ಕಲುಮನೆಗಳೂ ಮೈಸೂರಿನ ಪ್ರಯೋಗಾಲಯಗಳೂ ಕಂಡುಹಿಡಿದಿವೆ. ಮಾತು ಬಾಳುವಂತೆ ಮಾಡುವ ಉಪಾಯವೊಂದೇ: ಅದು ತೀರುವ ಮುನ್ನ ಬರೆದಿಟ್ಟುಕೊಳ್ಳುವುದು.